ಹೊಸಹಕ್ಲಿನಿಂದ ಹೊರಡದ ಬಸ್ಸು

ನಂಜುಂಡನ ಗೊರಕೆ ಹೊಸಹಕ್ಲಿನವರಿಗೆ ತಮಾಷೆಯ ವಿಷಯವಾಗಿತ್ತು. ಸಕಲೇಶಪುರದಿಂದ ಯಸಳೂರಿನ ಮೇಲೆ ಹಾದು ಹೊಸಹಕ್ಲಿಗೆ ಬರುವ ಖಾಸಗಿ ಮಿನಿ ಬಸ್ಸಿನ ಡ್ರೈವರ್ ಅವನು. ಸಂಜೆ ಬಂದ ಬಸ್ಸು ರಾತ್ರಿ ಅಲ್ಲೇ ನಿಂತು, ಬೆಳಗ್ಗೆ ಊರಿನವರನ್ನು ಹತ್ತಿಸಿಕೊಂಡು ಹೊರಡುತ್ತಿತ್ತು. ಡ್ರೈವರ್ ಮಲಗಲಿಕ್ಕೆಂದು ಹಾಲಿನ ಡೈರಿಯ ಪಕ್ಕದಲ್ಲಿ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಬೆಳಗ್ಗೆ ಹಾಲು ಹಾಕಲು ಬಂದವರು, "ಏನ್ ನಂಜುಂಡಣ್ಣ, ರಾತ್ರಿಯೆಲ್ಲ ಬಸ್ಸು ಸ್ಟಾರ್ಟಲ್ಲೇ ಮಡಗಿದ್ದೇನು?" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ತಂಗಿಯ ಮಗಳ ಮದುವೆಯಲ್ಲಿ ಗಂಡಿನ ಕಡೆಯವರು ಒಬ್ಬೊಬ್ಬರಾಗಿ ಚಾಪೆ ಸುತ್ತಿಕೊಂಡು ಹೋಗಿ, ಬೆಳಗ್ಗೆ ಎದ್ದಾಗ ಅಷ್ಟು ದೊಡ್ಡ ಛತ್ರದಲ್ಲಿ ತಾನೊಬ್ಬನೇ ಉಳಿದದ್ದನ್ನು ಅವನು ಮರೆತಿರಲಿಲ್ಲ. ಆಮೇಲೆ ನೆಂಟರ ಮನೆಯಲ್ಲಿ ರಾತ್ರಿ ಉಳಿಯುವುದನ್ನೇ ಬಿಟ್ಟಿದ್ದ.

ಗೊರಕೆಯ ಹಿಂದೆ ಬೇರೆ ಏನೋ ಇದೆ ಎಂದು ಗೊತ್ತಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಯಸಳೂರಿನ ಕೆಳಗಿನ ತಿರುವಿನಲ್ಲಿ ಹಾಡುಹಗಲೇ ಅವನ ಕಣ್ಣು ಮುಚ್ಚಿಹೋಯಿತು. ಎದುರಿನಿಂದ ಬಂದ ಪಿಕಪ್ಪಿನ ಹಾರ್ನ್ ಕೇಳಿ ಎಚ್ಚರವಾದಾಗ ಬಸ್ಸು ರಸ್ತೆಯ ಬಲಕ್ಕೆ ಹೋಗಿತ್ತು. ಬಸ್ಸಿನಲ್ಲಿ ಯಾರಿಗೂ ಅದು ನಿದ್ದೆ ಎಂದು ತಿಳಿಯಲಿಲ್ಲ. ಹೆಂಡತಿ ಶೀಲಾಗೆ ಮಾತ್ರ ಹೇಳಿದ. ಅವಳು ಹಟ ಹಿಡಿದು ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಒಂದು ರಾತ್ರಿ ಮೈಗೆಲ್ಲ ವೈರು ಅಂಟಿಸಿ ಮಲಗಿಸಿ ನೋಡಿದ ಡಾಕ್ಟರು, ನಿದ್ದೆಯಲ್ಲಿ ಅವನ ಗಂಟಲು ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ನಿಲ್ಲುತ್ತಿದೆ, ಪ್ರತಿ ಸಲವೂ ಮೆದುಳು ಗಾಬರಿಯಾಗಿ ಎದ್ದುಬಿಡುತ್ತದೆ, ಹಾಗಾಗಿ ಅವನು ರಾತ್ರಿ ನಿದ್ದೆಯನ್ನೇ ಮಾಡುತ್ತಿಲ್ಲ ಎಂದರು. ಒಂದು ಮೆಷಿನ್ ಬರೆದುಕೊಟ್ಟರು. ಮೂಗಿನ ಮೇಲೆ ಮಾಸ್ಕು, ಅದಕ್ಕೊಂದು ಕೊಳವೆ. ಮೆಷಿನ್ ರಾತ್ರಿಯೆಲ್ಲ ಗಾಳಿ ಒತ್ತುತ್ತಿದ್ದರೆ ಗಂಟಲು ಮುಚ್ಚುವುದಿಲ್ಲ. ಗಾಳಿ ಒಣಗದ ಹಾಗೆ ಒಳಗೆ ನೀರು ಬೆಚ್ಚಗೆ ಮಾಡುವ ಸಣ್ಣ ಡಬ್ಬಿಯೂ ಇತ್ತು.

ಮೊದಲ ದಿನ ಅದನ್ನು ಕಟ್ಟಿಕೊಂಡಾಗ ಶೀಲಾ, "ಒಳ್ಳೆ ಆನೆ ಸೊಂಡ್ಲು ಇದ್ದಂಗೈತೆ ಕಣ್ರೀ" ಎಂದು ನಕ್ಕಳು. ನಂಜುಂಡ ನಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಆದರೆ ಬೆಳಗ್ಗೆ ಎದ್ದಾಗ ತಲೆ ಹಗುರವಾಗಿತ್ತು, ಕಣ್ಣು ಉರಿಯುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ತನಗೆ ಬೆಳಗೇ ಆಗಿರಲಿಲ್ಲ ಅನ್ನಿಸಿತು.

ಮೆಷಿನ್ನಿನ ವಿಷಯ ಯಾರಿಗೂ ಹೇಳಬಾರದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡ. ಬಸ್ಸಿನ ಮಾಲೀಕ ಜಯಕುಮಾರ್ ಒಳ್ಳೆಯವರೇ. ಆದರೂ ಡ್ರೈವರಿಗೆ ನಿದ್ದೆಯ ಕಾಯಿಲೆ ಎಂದು ಕೇಳಿದ ಮೇಲೆ ಯಾವ ಮಾಲೀಕ ಸ್ಟೇರಿಂಗ್ ಕೊಡುತ್ತಾನೆ? ಗೊರಕೆಗೆ ನಗುತ್ತಿದ್ದ ಜನ ನಾಳೆ ಬಸ್ಸು ಹತ್ತಲು ಹೆದರುತ್ತಾರೆ. ಹಾಗಾಗಿ ರಜೆ ಮುಗಿಸಿ ಮನೆಯಿಂದ ನೈಟ್ ಹಾಲ್ಟಿಗೆ ಹೊರಡುವಾಗ ಮೆಷಿನ್ನನ್ನು ಪಂಚೆಯಲ್ಲಿ ಸುತ್ತಿ ಬಟ್ಟೆಯ ಬ್ಯಾಗಿನಲ್ಲಿ ಇಡುತ್ತಿದ್ದ. ಡೈರಿಯ ಕೋಣೆಯಲ್ಲಿ ಚಿಲಕ ಹಾಕಿ, ಕಿಟಕಿ ಮುಚ್ಚಿ, ಪ್ಲಗ್ ಚುಚ್ಚಿ ಮಲಗುತ್ತಿದ್ದ. ಗೊರಕೆ ನಿಂತದ್ದನ್ನು ಜನ ಗಮನಿಸಿದರು. "ಆಯುರ್ವೇದದ ಎಣ್ಣೆ ಹಾಕ್ತಿದೀನಿ" ಎಂದು ಸುಳ್ಳು ಹೇಳಿದ.

ಕಂಡಕ್ಟರ್ ವೀರಯ್ಯ ಆ ಸುತ್ತಿನವನೇ. ಸಂಜೆ ಬಸ್ಸು ನಿಲ್ಲಿಸಿದ ಮೇಲೆ ಕಾಫಿ ತೋಟದ ನಡುವೆ ಸ್ವಲ್ಪ ದೂರ ನಡೆದರೆ ಅವನ ಮನೆ. ಅರವತ್ತರ ಹತ್ತಿರದ, ಅಚ್ಚುಕಟ್ಟಿನ ಮನುಷ್ಯ. ಯಾರು ಎಲ್ಲಿ ಇಳಿಯಬೇಕು, ಯಾರ ಮೂಟೆ ಮೇಲಿದೆ, ಯಾವ ಮುದುಕಿಗೆ ಕಿವಿ ಕೇಳಿಸುವುದಿಲ್ಲ ಎಲ್ಲ ಅವನಿಗೆ ನೆನಪಿರುತ್ತಿತ್ತು.

ನಂಜುಂಡನಿಗೆ ರಾತ್ರಿಯ ಊಟ ಬರುತ್ತಿದ್ದದ್ದು ಡೈರಿಯ ಎದುರಿನ ಕಲ್ಯಾಣಮ್ಮನ ಮನೆಯಿಂದ. ಆಕೆ, ಆಕೆಯ ನಾದಿನಿ ಇಬ್ಬರೇ ಇದ್ದು ಒಂದಿಷ್ಟು ಕಾಫಿ, ಮೆಣಸು ನೋಡಿಕೊಂಡಿದ್ದರು. ಹಿಂದಿನ ವರ್ಷ ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪ್ಲೇಟ್ ಹಾಕಿಸಿಕೊಂಡಿದ್ದ ಆಕೆ ಆಸ್ಪತ್ರೆಗೆ ಓಡಾಡಿದ್ದೆಲ್ಲ ಈ ಬಸ್ಸಿನಲ್ಲೇ. "ನಮ್ಮೂರ್ ಬಸ್ಸಿನ್ ಮಗ ಉಪ್ವಾಸ ಮಲಗ್ಬಾರ್ದು" ಎಂದು ಅಕ್ಕಿರೊಟ್ಟಿ, ಬಿಸಿ ಸಾರು ಕಳಿಸುತ್ತಿದ್ದರು. ಎಂದೂ ಅದಕ್ಕೆ ಏನನ್ನೂ ತೆಗೆದುಕೊಂಡವರಲ್ಲ.

ಡಿಸೆಂಬರಿನಲ್ಲಿ, ಕಾಫಿ ಕೊಯ್ಲು ಜೋರಾಗಿದ್ದಾಗ, ಮೇಲಿನ ಎಸ್ಟೇಟಿಗೆ ಬಂದ ಆನೆಗಳು ತಿನ್ನಲೆಂದು ಬಗನಿ ಮರವೊಂದನ್ನು ದೂಡಿದವು. ಮರ ಕರೆಂಟಿನ ಲೈನಿನ ಮೇಲೆ ಬಿತ್ತು. ಸಾಲಾಗಿ ಕಂಬಗಳು ಮುರಿದವು. ಬಂದ ಲೈನ್‌ಮ್ಯಾನ್‌ಗಳು ಆನೆಗಳು ಇನ್ನೂ ಅಲ್ಲೇ ನಿಂತಿರುವುದನ್ನು ನೋಡಿ ವಾಪಸ್ಸು ಹೋದರು. ಮೊದಲು ದೀಪ ಹೋಯಿತು, ಆಮೇಲೆ ಮೊಬೈಲ್ ಟವರ್ ಕೂಡ ಸುಮ್ಮನಾಯಿತು.

ಮೆಷಿನ್ ಕೊಟ್ಟ ಅಂಗಡಿಯವನು ಕರೆಂಟ್ ಹೋದರೆ ಏನು ಮಾಡಬೇಕೆಂದು ಹೇಳಿಯೇ ಕಳಿಸಿದ್ದ. ಗಾಡಿಯ ಬ್ಯಾಟರಿಗೆ ಸಣ್ಣ ಇನ್ವರ್ಟರ್ ಸಿಕ್ಕಿಸಿದರೆ ಮೆಷಿನ್ ನಡೆಯುತ್ತದೆ. "ಆದ್ರೆ ನೀರು ಬಿಸಿ ಮಾಡೋದನ್ನ ಮಾತ್ರ ಆಫ್ ಮಾಡ್ಬೇಕು. ಬ್ಯಾಟರಿನ ತಿನ್ನೋದೇ ಅದು" ಎಂದಿದ್ದ. ನಂಜುಂಡ ಆ ಇನ್ವರ್ಟರನ್ನೂ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ. ಕರೆಂಟ್ ಹೋದ ರಾತ್ರಿ ಬಸ್ಸನ್ನು ಕೋಣೆಯ ಕಿಟಕಿಗೆ ಒತ್ತಿ ನಿಲ್ಲಿಸಿದ. ವೀರಯ್ಯ ಮನೆಗೆ ಹೋದ ಮೇಲೆ ಬ್ಯಾಟರಿಗೆ ಕ್ಲಿಪ್ಪು ಹಾಕಿ, ವೈರನ್ನು ಕಿಟಕಿಯೊಳಗೆ ಎಳೆದುಕೊಂಡ. ಚೆನ್ನಾಗಿಯೇ ನಡೆಯಿತು. ಮರುದಿನ ಬಸ್ಸು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎರಡನೆಯ ರಾತ್ರಿಯೂ ಹಾಗೆಯೇ ಕಳೆಯಿತು. ಆದರೆ ಆ ಚಳಿಯಲ್ಲಿ ಒಣ ಗಾಳಿ ಮೂಗಿನೊಳಗೆ ಬೆಂಕಿಯಂತೆ ಉರಿಯಿತು. ಬೆಳಗ್ಗೆ ಮಾಸ್ಕಿನಲ್ಲಿ ರಕ್ತದ ಕಲೆ ಕಂಡಿತು.

ಮೂರನೆಯ ರಾತ್ರಿ ಅವನು ನೀರಿನ ಬಿಸಿಯನ್ನು ಆನ್ ಮಾಡಿದ. ಇವತ್ತೊಂದು ದಿನ, ನಾಳೆ ಕರೆಂಟ್ ಬಂದೇ ಬರುತ್ತದೆ ಎಂದುಕೊಂಡ. ಬಸ್ಸಿನ ಬ್ಯಾಟರಿ ಹಳೆಯದಾಗಿದೆ ಎಂದು ದಸರಾ ಹೊತ್ತಿನಲ್ಲಿ ಮಾಲೀಕರಿಗೆ ಹೇಳಿದ್ದವನೇ ಅವನು. ಆದರೂ ಆನ್ ಮಾಡಿದ. ಬೆಚ್ಚಗಿನ ಗಾಳಿ ಮೂಗಿಗೆ ಹಿತವಾಗಿತ್ತು. ಸುಖವಾಗಿ ನಿದ್ದೆ ಬಂತು.

ಬೆಳಕು ಹರಿಯುವ ಮುಂಚೆ ಉಸಿರುಗಟ್ಟಿ ಎಚ್ಚರವಾಯಿತು. ಮೆಷಿನ್ ನಿಂತುಹೋಗಿತ್ತು. ಮಾಸ್ಕು ಕಿತ್ತು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಬಂದು ಬಸ್ಸಿನ ಕೀ ತಿರುಗಿಸಿದ. ಟಿಕ್ ಎಂದಿತು. ಮತ್ತೆ ತಿರುಗಿಸಿದ. ಟಿಕ್. ಆಗ ಅವನು ಮಾಡಿದ ಮೊದಲ ಕೆಲಸವೆಂದರೆ ಕ್ಲಿಪ್ಪು ಕಳಚಿ, ವೈರು ಸುತ್ತಿ, ಮೆಷಿನ್ನನ್ನು ಬ್ಯಾಗಿನ ತಳಕ್ಕೆ ತುರುಕಿದ್ದು. ಸ್ವಲ್ಪ ಹೊತ್ತು ಬಿಟ್ಟರೆ ಬ್ಯಾಟರಿ ಒಂದಿಷ್ಟು ಚೇತರಿಸಿಕೊಳ್ಳಬಹುದು, ಒಂದು ಸಲ ಸ್ಟಾರ್ಟ್ ಆದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕುಳಿತ.

ಹಾಗೆ ಕುಳಿತಿದ್ದಾಗಲೇ ಬೈಕೊಂದು ಬಂದು ಕಲ್ಯಾಣಮ್ಮನ ಮನೆಯ ಮುಂದೆ ನಿಂತಿತು. ಒಳಗಿನಿಂದ ಅಳು ಕೇಳಿಸಿತು. ತುಸು ಹೊತ್ತಿಗೆ ಕಲ್ಯಾಣಮ್ಮ ಶಾಲು ಹೊದ್ದು, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಜೊತೆಗೆ ಬೆಳಗೋಡು ಕಡೆಯ ಅವರ ನೆಂಟರ ಪೈಕಿ ಲೋಹಿತ್ ಎಂಬುವನಿದ್ದ.

"ನಮ್ಮಣ್ಣ ಹೋಗ್ಬುಟ್ಟ ಕಣೋ ನಂಜುಂಡ" ಎಂದರು ಕಲ್ಯಾಣಮ್ಮ. "ನಿನ್ನೆ ಮಧ್ಯಾಹ್ನವೇ ಹೋಗ್ಬುಟ್ಟವ್ನೆ. ನಂಗೆ ಈಗ ಗೊತ್ತಾಯ್ತಾ ಐತೆ."

ಬೆಳಗೋಡಿನ ಅಣ್ಣ ಸೋಮಯ್ಯ ಎಂದರೆ ಆಕೆಗೆ ತಂದೆಯಿದ್ದ ಹಾಗೆ. ಗಂಡ ತೀರಿಕೊಂಡ ಮೇಲೆ ತೋಟ ಕೈಬಿಡದಂತೆ ನಿಂತು ನೋಡಿಕೊಂಡವರು ಅವರೇ.

"ನಿನ್ನೆಯಿಂದ ಫೋನ್ ಮಾಡ್ತಾನೇ ಅವ್ರೆ, ಒಂದೂ ಹೋಗ್ತಿಲ್ಲ" ಎಂದ ಲೋಹಿತ್. "ರಾತ್ರಿ ಆನೆ ಭಯಕ್ಕೆ ಬರಕ್ಕಾಗ್ಲಿಲ್ಲ. ಬಿಸ್ಲು ಏರೋದ್ರೊಳಗೆ ಮಣ್ಣು ಮಾಡ್ಬೇಕು ಅಂತವ್ರೆ ದೊಡ್ಡವ್ರು. ಅಮ್ಮ, ಬೈಕ್ ಹತ್ತಿ. ನಿಧಾನಕ್ಕೆ ಕರ್ಕೊಂಡ್ ಹೋಯ್ತೀನಿ."

ಕಲ್ಯಾಣಮ್ಮ ಬೈಕಿನ ಸೀಟನ್ನು ನೋಡಿದರು. ಸೊಂಟಕ್ಕೆ ಕೈ ಹೋಯಿತು. ಆಮೇಲೆ ನಂಜುಂಡನ ಕಡೆ ತಿರುಗಿ ಕೇಳಿದರು. "ಬಸ್ಸು ಟೈಮಿಗೆ ಹೊಂಡ್ತದೇನೋ? ಇಲ್ದಿದ್ರೆ ಹೇಳ್ಬುಡು, ಹೆಂಗೋ ಹಲ್ಕಚ್ಕೊಂಡು ಬೈಕಲ್ಲೇ ಹೋಯ್ತೀನಿ."

ಹೇಳಲು ಅಷ್ಟೇನೂ ಇರಲಿಲ್ಲ. ಬ್ಯಾಟರಿ ಸತ್ತಿದೆ ಅವ್ವ, ಬೈಕ್ ಹತ್ತು. ಅಷ್ಟೇ. ಆದರೆ ಅದರ ಹಿಂದೆಯೇ, ಕೀ ತಿರುಗಿಸದೆ ನಿನಗೆ ಹೇಗೆ ಗೊತ್ತಾಯಿತು, ಹೇಗೆ ಸತ್ತಿತು, ನಿನ್ನೆ ಸಂಜೆ ಸರಿಯಿತ್ತಲ್ಲ ಎಂಬ ಮಾತುಗಳು ಬರುತ್ತಿದ್ದವು. ನಂಜುಂಡನ ಕಣ್ಣು ಬ್ಯಾಗಿನ ಮೇಲೆ ಹೋಯಿತು.

"ಹೊಂಡ್ತದೆ ಕಣವ್ವ" ಎಂದ. "ನಾನಿರುವಾಗ ಬೈಕ್ ಯಾಕೆ?"

ಲೋಹಿತ್ ಮೇಲಿನ ಊರಿನ ನೆಂಟರಿಗೆ ಸುದ್ದಿ ಮುಟ್ಟಿಸಲು ಹೊರಟುಹೋದ.

ಬೆಳಕಾಯಿತು. ವೀರಯ್ಯ ಬಂದ. ಸಕಲೇಶಪುರಕ್ಕೆ ಹೋಗುವವರು, ಕೊಯ್ಲಿನ ಕೆಲಸಕ್ಕೆ ಕೆಳಗಿನ ಎಸ್ಟೇಟಿಗೆ ಹೋಗುವ ಹೆಂಗಸರು ಬಂದು ಕುಳಿತರು. ಕಲ್ಯಾಣಮ್ಮ ಮುಂದಿನ ಸೀಟಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ವೀರಯ್ಯ ಸೀಟಿ ಊದಿದ. ನಂಜುಂಡ ಮನೆದೇವರನ್ನು ನೆನೆದು ಕೀ ತಿರುಗಿಸಿದ.

ಟಿಕ್.

"ಏನಾಯ್ತೋ?" ಎಂದು ಬಂದ ವೀರಯ್ಯ, ಮೀಟರಿನ ದೀಪಗಳು ಮಂಕಾಗಿ ಆರುವುದನ್ನು ನೋಡಿದ. "ಅಯ್ಯೋ ಶಿವನೇ. ಲೈಟು! ನಿನ್ನೆ ಸಂಜೆ ಆ ಹೆಂಗಸಿನ ಕಾಲುಂಗ್ರ ಹುಡ್ಕಕ್ಕೆ ಒಳಗಿನ ಲೈಟ್ ಹಾಕಿದ್ನಲ್ಲ. ಆರಿಸ್ದೆ ಅನ್ಕೊಂಡಿದ್ದೆ. ಆರಿಸ್ಲಿಲ್ವೇನೋ ನಂಜುಂಡ?"

ಆ ಸ್ವಿಚ್ಚು ಸವೆದು, ಹಾಕಿದೆಯೋ ಆರಿದೆಯೋ ನೋಡಿದರೆ ತಿಳಿಯುತ್ತಿರಲಿಲ್ಲ. ಆದರೆ ವೀರಯ್ಯ ದೀಪ ಆರಿಸಿ, ಬಾಗಿಲು ಎಳೆದುಕೊಂಡು ಹೋಗಿದ್ದನ್ನು ನಂಜುಂಡ ಕಣ್ಣಾರೆ ಕಂಡಿದ್ದ. ಅದು ಆರಲಿ ಎಂದೇ ಕಾದುಕೊಂಡಿದ್ದವನು ಅವನು.

"ಇರ್ಬೋದು" ಎಂದ.

ಆ ಒಂದು ಮಾತು ಸಾಕಾಯಿತು. ಬಸ್ಸಿನಲ್ಲಿದ್ದವರೆಲ್ಲ ವೀರಯ್ಯನ ಮೇಲೆ ಬಿದ್ದರು. ಅವನು ಯಾರಿಗೂ ಉತ್ತರ ಕೊಡದೆ, "ಇಳೀರಿ, ಇಳೀರಿ, ತಳ್ಳಣ" ಎಂದು ಗಂಡಸರನ್ನು ಹಿಂದಕ್ಕೆ ಕರೆದ. ಈಗಿನ ಬಸ್ಸುಗಳು ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ, ಅದರೊಳಗಿನ ಕಂಪ್ಯೂಟರಿಗೂ ಕರೆಂಟ್ ಬೇಕು ಎಂದು ನಂಜುಂಡನಿಗೆ ಗೊತ್ತಿತ್ತು. ಸುಮ್ಮನೆ ಗೇರು ಹಾಕಿ ಕುಳಿತ. ಡೈರಿಯಿಂದ ದೇವಸ್ಥಾನದ ತನಕ ತಳ್ಳಿದರು. ಸೈಡ್ ಮಿರರಿನಲ್ಲಿ ನೋಡಿದಾಗ ಗಂಡಸರ ನಡುವೆ ಕಲ್ಯಾಣಮ್ಮ ಕಂಡರು. ಒಂದು ಕೈಯಿಂದ ಸೊಂಟ ಹಿಡಿದು, ಇನ್ನೊಂದು ಅಂಗೈಯನ್ನು ಬಸ್ಸಿನ ತಗಡಿಗೆ ಒತ್ತಿ ಆಕೆಯೂ ತಳ್ಳುತ್ತಿದ್ದರು.

ಅವನು ಆಗಲೂ ಇಳಿಯಲಿಲ್ಲ.

ಊರಿನ ಜೀಪು ರಿಪೇರಿಗೆಂದು ಹಾಸನದಲ್ಲಿತ್ತು. ಬೈಕಿದ್ದವರು ಆಗಲೇ ಕೆಲಸಕ್ಕೆ ಹೋಗಿದ್ದರು. ಎಸ್ಟೇಟಿನ ಪಿಕಪ್ಪುಗಳು ಆಳುಗಳನ್ನು ತರಲು ಹೋಗಿದ್ದವು. ಈಗ ಆಗುತ್ತದೆ, ಈಗ ಆಗುತ್ತದೆ ಎನ್ನುತ್ತಲೇ ಹೊತ್ತು ಹೋಯಿತು. ಕೊನೆಗೆ ಯಾರೋ ಎಸ್ಟೇಟಿನ ಸ್ಟೋರಿಗೆ ಓಡಿ, ಟ್ರ್ಯಾಕ್ಟರ್ ತರಿಸಿ, ಅದರ ಬ್ಯಾಟರಿಯಿಂದ ವೈರು ಕೊಟ್ಟಾಗ ಬಸ್ಸು ಗುಡುಗುಡು ಎಂದಿತು. ನಂಜುಂಡ ಆ ದಿನ ಓಡಿಸಿದ ಹಾಗೆ ಆ ರಸ್ತೆಯಲ್ಲಿ ಎಂದೂ ಬಸ್ಸು ಓಡಿಸಿರಲಿಲ್ಲ. ಸಕಲೇಶಪುರ ಸ್ಟ್ಯಾಂಡಿನಲ್ಲಿ ಬೆಳಗೋಡಿನ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಕಲ್ಯಾಣಮ್ಮನನ್ನು ಆಟೋ ಹತ್ತಿಸಿದ. ಆಟೋದೊಳಗಿಂದ ಆಕೆ ಅವನ ಕೈ ಹಿಡಿದು, "ನೀನಾದ್ರೂ ಎಷ್ಟು ಒದ್ದಾಡ್ದೆ ಮಗ" ಎಂದರು.

ಆಕೆ ಹೋಗಿ ಇಳಿದಾಗ ಗುಣಿ ಮುಚ್ಚಿ ಮಣ್ಣು ಸಮ ಮಾಡುತ್ತಿದ್ದರಂತೆ. ಒಂದು ಹಿಡಿ ಮಣ್ಣು ಹಾಕಿದರಂತೆ. ಅಣ್ಣನ ಮುಖ ನೋಡಲಿಲ್ಲ.

ಕರೆಂಟ್ ಬಂತು. ಕಲ್ಯಾಣಮ್ಮ ಕಾರ್ಯ ಮುಗಿಸಿಕೊಂಡು ಊರಿಗೆ ಮರಳಿದರು. ಅವರು ಬಂದ ಸಂಜೆ ವೀರಯ್ಯ ಅವರ ಮನೆಗೆ ಹೋದ. ನಂಜುಂಡ ಡೈರಿಯ ಕಟ್ಟೆಯಿಂದ ಎಲ್ಲ ನೋಡಿದ. ವೀರಯ್ಯ ಬಗ್ಗಿ ಕಾಲು ಮುಟ್ಟಿದ. "ನನ್ನಿಂದ ಹಿಂಗಾಗ್ಬುಡ್ತು ತಾಯಿ" ಎಂದ. ಕಲ್ಯಾಣಮ್ಮ ಕಾಲು ಹಿಂದಕ್ಕೆ ಎಳೆದುಕೊಂಡು ಒಳಗೆ ಹೋದರು. ವೀರಯ್ಯ ಇನ್ನೂ ಬಗ್ಗಿಕೊಂಡೇ ಇದ್ದ.

ಅವತ್ತು ರಾತ್ರಿಯೂ ಊಟ ಬಂತು. ರೊಟ್ಟಿಯ ಮೇಲೆ ತುಪ್ಪ ಹಾಕಿತ್ತು. ನಂಜುಂಡನಿಗೆ ಎರಡು ತುತ್ತು ಇಳಿಯಲಿಲ್ಲ. ಹಾಗೆಯೇ ಬಿಟ್ಟರೆ ಕಾರಣ ಕೇಳುತ್ತಾರೆಂದು ಡೈರಿಯ ಹಿಂದಿನ ನಾಯಿಗೆ ಹಾಕಿ, ತಟ್ಟೆ ತೊಳೆದು ಕಳಿಸಿದ.

ಜನ ವೀರಯ್ಯನನ್ನು ಬಿಡಲಿಲ್ಲ. ಸಂಜೆ ಬಸ್ಸು ಇಳಿಯುವಾಗ ಒಬ್ಬರಲ್ಲ ಒಬ್ಬರು "ಲೈಟ್ ಆರಿಸ್ದಾ ವೀರಯ್ಯ?" ಎನ್ನುವರು. ಜಯಕುಮಾರ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಬೈದರು. ವೀರಯ್ಯನಲ್ಲಿ ಏನೋ ಕದಲಿತ್ತು. ಸ್ವಿಚ್ಚನ್ನು ಆರಿಸಿ, ಮತ್ತೆ ಮುಟ್ಟಿ ನೋಡಿ, ಕೆಳಗಿಳಿದು ಕಿಟಕಿಯಿಂದ ಇಣುಕುತ್ತಿದ್ದ. ಮನೆಯ ದಾರಿಯಲ್ಲಿ ಅರ್ಧ ಹೋದವನು ವಾಪಸ್ಸು ಬಂದು ಬಸ್ಸಿನ ಸುತ್ತ ಒಂದು ಸುತ್ತು ಹಾಕಿ ಹೋಗುತ್ತಿದ್ದ. ಯಸಳೂರಿನಲ್ಲಿ ಇಳಿಯಬೇಕಾದವರನ್ನು ಹೆಸರು ಹಿಡಿದು ಕೂಗುತ್ತಿದ್ದವನು ಈಗ, "ನೀವು ಯಸಳೂರು ಅಂದ್ರಿ ಅಲ್ವಾ? ಅಂದ್ರಿ ತಾನೆ?" ಎಂದು ಎರಡೆರಡು ಸಲ ಕೇಳುತ್ತಿದ್ದ. ಪ್ರತಿ ಸಲ ಹಾಗೆ ಕೇಳಿದಾಗಲೂ ನಂಜುಂಡ ರಸ್ತೆಯಿಂದ ಕಣ್ಣು ಕೀಳುತ್ತಿರಲಿಲ್ಲ.

ಮೆಷಿನ್ನನ್ನು ಅವನು ಹೊಸಹಕ್ಲಿಗೆ ತರುವುದನ್ನೇ ನಿಲ್ಲಿಸಿದ್ದ. ಯಾರಾದರೂ ಕಂಡರೆ ಒಂದಕ್ಕೊಂದು ಕೂಡಿಸಿ ನೋಡುತ್ತಾರೆಂಬ ಹೆದರಿಕೆ. ಹಾಲ್ಟಿನ ರಾತ್ರಿಗಳಲ್ಲಿ ಬರಿಯ ಚಾಪೆಯ ಮೇಲೆ ಮಲಗಿದ. ಗೊರಕೆ ಮರಳಿತು. "ಎಣ್ಣೆ ಖಾಲಿಯಾಯ್ತೇನಣ್ಣ?" ಎಂದು ಹಾಲಿನವರು ನಕ್ಕರು. ಹಗಲು ಕಣ್ಣೊಳಗೆ ಮರಳು ಹೊಯ್ದ ಹಾಗೆ ಇರುತ್ತಿತ್ತು. ಶೀಲಾಗೆ, "ಅಲ್ಲಿ ಇನ್ನೊಂದು ಇಟ್ಟಿದೀನಿ" ಎಂದು ಸುಳ್ಳು ಹೇಳಿದ.

ಸಂಕ್ರಾಂತಿ ಹತ್ತಿರವಿದ್ದಾಗ, ಒಂದು ಬೆಳಗ್ಗೆ, ಅದೇ ಯಸಳೂರಿನ ಕೆಳಗಿನ ಇಳಿಜಾರಿನಲ್ಲಿ ವೀರಯ್ಯ "ನಂಜುಂಡಾ!" ಎಂದು ಕಿರುಚಿದ್ದು ಕೇಳಿಸಿತು. ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಬಸ್ಸು ಚರಂಡಿಗೆ ಒಂದು ಚಕ್ರ ಇಳಿಸಿ, ಸಿಲ್ವರ್ ಓಕ್ ಮರಕ್ಕೆ ಒಂದು ಮೊಳ ದೂರದಲ್ಲಿ ನಿಂತಿತು. ಮರದ ಆಚೆ ಕಣಿವೆ. ಯಾರಿಗೂ ಪೆಟ್ಟಾಗಲಿಲ್ಲ. ಜನ ಬೈಯುತ್ತ, ಮಕ್ಕಳನ್ನು ಎತ್ತಿಕೊಂಡು ಇಳಿದು, ಹಿಂದಿನಿಂದ ಬಂದ ಇನ್ನೊಂದು ಬಸ್ಸು ಹತ್ತಿದರು.

ಇಬ್ಬರೇ ಉಳಿದರು. ವೀರಯ್ಯ ಟಿಕೆಟ್ ಮೆಷಿನ್ನನ್ನು ಬ್ಯಾಗಿಗೆ ಹಾಕಿದ. ಬೈಯುತ್ತಾನೆಂದು ನಂಜುಂಡ ಕಾದ. ವೀರಯ್ಯ ಹೇಳಿದ್ದೇ ಬೇರೆ.

"ತಪ್ಪು ನಂದೇ ಕಣೋ. ನೀನು ತೂಕಡಿಸ್ತಿದ್ದೀಯ ಅಂತ ಮುಂಚೆನೇ ಕಂಡಿತ್ತು. ಮಾತಾಡಿಸ್ಬೇಕು ಅನ್ಕೊಂಡೆ. ಅಷ್ಟ್ರಲ್ಲಿ ಮರ್ತೋಯ್ತು." ಅವನು ಬಸ್ಸಿನ ಮೆಟ್ಟಿಲ ಮೇಲೆ ಕುಳಿತ. "ನಮ್ಮಪ್ಪನಿಗೆ ಹಿಂಗೇ ಸುರು ಆಗಿದ್ದು. ಮೊದ್ಲು ಗೇಟ್ ಹಾಕೋದು ಮರೀತಿದ್ದ. ಆಮೇಲೆ ದೀಪ. ಕೊನೆಗೆ ನಮ್ಮ ಹೆಸ್ರೇ ಗೊತ್ತಾಯ್ತಿರ್ಲಿಲ್ಲ ಮಾರಾಯ. ನನ್ನ ಹೆಂಡ್ರಿಗೆ ಹೇಳಿಲ್ಲ. ಸಾಹುಕಾರ್ರಿಗೆ ಹೇಳಿವ್ನಿ, ಹಬ್ಬ ಕಳುದ್ಮೇಲೆ ಕೆಲ್ಸಕ್ಕೆ ಬರಲ್ಲ ಅಂತ. ಜನ ತುಂಬ್ಕೊಂಡು ಹೋಗೋ ಗಾಡಿ. ತಲೆ ನೆಟ್ಟಗಿಲ್ದೋನು ಇರ್ಬಾರ್ದು."

ನಂಜುಂಡ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತ. ತಲೆ ಬಗ್ಗಿಸಿಕೊಂಡೇ ಹೇಳಿದ.

"ನೀನು ಲೈಟ್ ಆರ್ಸಿದ್ದೆ."

"ಏನಂದೆ?"

"ಆರ್ಸಿದ್ದೆ ವೀರಯ್ಯಣ್ಣ. ನಾನು ನೋಡ್ದೆ. ಬ್ಯಾಟ್ರಿ ತಿಂದೋನು ನಾನು."

ಆಮೇಲೆ ಎಲ್ಲವನ್ನೂ ಹೇಳಿದ. ಗೊರಕೆಯಿಂದ ಹಿಡಿದು ಮೆಷಿನ್, ಇನ್ವರ್ಟರ್, ಕಿಟಕಿಯ ವೈರು, ಬಿಸಿನೀರು, ಬೆಳಗಿನ ಟಿಕ್ ಶಬ್ದ, ಕಲ್ಯಾಣಮ್ಮ ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ. ಹೇಳುತ್ತ ಹೇಳುತ್ತ ಅವನಿಗೆ ತನ್ನದೇ ದನಿ ಅಸಹ್ಯವಾಯಿತು. ಕಾಯಿಲೆಯ ಭಾಗವನ್ನು ಉದ್ದ ಮಾಡಿ ಹೇಳುತ್ತಿದ್ದೇನೆ, "ಇರ್ಬೋದು" ಎಂದದ್ದನ್ನು ಬೇಗ ದಾಟಿಬಿಟ್ಟೆ ಎಂದು ಅವನಿಗೇ ಗೊತ್ತಾಗುತ್ತಿತ್ತು.

"ಹಂಗಾರೆ ನಾನು ಆರ್ಸಿದ್ದೆ" ಎಂದ ವೀರಯ್ಯ ಮೆಲ್ಲಗೆ. ಆಮೇಲೆ ಇನ್ನೊಂದು ಸಲ, "ನಾನು ಆರ್ಸಿದ್ದೆ" ಎಂದ. ಹೆಗಲ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಟವೆಲ್ ತೆಗೆದಾಗ ಅವನ ಮುಖದಲ್ಲಿ ನಂಜುಂಡ ಹಿಂದೆಂದೂ ಕಾಣದ ಬಿರುಸಿತ್ತು.

"ನಾನು ಅರ್ಧ ದಾರಿಯಿಂದ ತಿರ್ಗಿ ಬಂದು ಬಸ್ಸು ನೋಡ್ತಿದ್ನಲ್ಲ. ಆಗ ನೀನು ಕಿಟಕಿಯಲ್ಲಿದ್ದೆ ಅಲ್ವೇನೋ?"

"ಇದ್ದೆ."

"ನೋಡ್ಕೊಂಡು ಸುಮ್ನಿದ್ದೆ."

"ಹೂಂ."

"ಉಸ್ರಾಡಕ್ಕೆ ಬ್ಯಾಟ್ರಿ ಬೇಕು ಅಂದಿದ್ರೆ ನಾನೇ ಹೊತ್ಕೊಂಡು ಬಂದು ಕೊಡ್ತಿದ್ನಲ್ಲೋ. ನಮ್ಮನೇಲಿ ಸೋಲಾರ್ ಬೇಲಿಗೆ ತಂದಿದ್ದ ಬ್ಯಾಟ್ರಿ ಒಂದು ಸುಮ್ನೆ ಕೂತೈತೆ." ಅವನು ಎದ್ದು ನಿಂತ. "ನಾನು ಯಾರ್ಗೂ ಹೇಳಾಕಿಲ್ಲ. ಹೇಳೋದು ನಿನ್ ಕೆಲ್ಸ. ಈ ಗಾಡಿ ಮಾತ್ರ ಇವತ್ತು ನೀನು ಮುಟ್ಬ್ಯಾಡ."

ನಂಜುಂಡ ಅಲ್ಲಿಂದಲೇ ಜಯಕುಮಾರ್ ಅವರಿಗೆ ಫೋನ್ ಮಾಡಿದ. ಅವರು ಮೊದಲು ಕೂಗಾಡಿದರು. ಆಮೇಲೆ ತಣ್ಣಗಾದರು. ಡಾಕ್ಟರು ಸರಿ ಎನ್ನುವ ತನಕ ಸ್ಟೇರಿಂಗ್ ಇಲ್ಲ, ಗ್ಯಾರೇಜಿನಲ್ಲಿ ಕೆಲಸ ಮಾಡು ಎಂದರು. "ವೀರಯ್ಯನ್ನ ಎಲ್ಲರ ಮುಂದೆ ಬೈದೆನಲ್ಲಯ್ಯ ನಾನು" ಎಂದು ಫೋನ್ ಇಟ್ಟರು.

ಸಂಜೆ ಬೇರೆ ಡ್ರೈವರ್ ಓಡಿಸಿದ ಬಸ್ಸಿನಲ್ಲಿ, ಟಿಕೆಟ್ ತೆಗೆದುಕೊಂಡು, ಹಿಂದಿನ ಸೀಟಿನಲ್ಲಿ ಕುಳಿತು ನಂಜುಂಡ ಹೊಸಹಕ್ಲಿಗೆ ಹೋದ. ಕಲ್ಯಾಣಮ್ಮ ಜಗಲಿಯಲ್ಲಿ ಮೆಣಸು ಕೇರುತ್ತಿದ್ದರು. "ಬಾ ಮಗ" ಎಂದರು. ಅವನು ಮೆಟ್ಟಿಲ ಕೆಳಗೇ ನಿಂತು ಹೇಳಿದ. ಈ ಸಲ ಕಾಯಿಲೆಯನ್ನು ಚುಟುಕಾಗಿ ಹೇಳಿದ, ಮಿಕ್ಕಿದ್ದನ್ನು ಪೂರ್ತಿ ಹೇಳಿದ. ಆಕೆಯ ಕೈಯಲ್ಲಿನ ಮೊರ ಆಡುವುದು ನಿಂತಿತು.

"ಬ್ಯಾಟ್ರಿ ಹೋಗ್ಲಿ ಬುಡು" ಎಂದರು ಕೊನೆಗೆ. "ಉಸ್ರು ಕಟ್ತದೆ ಅಂದ್ರೆ ಯಾರ್ ತಾನೆ ಏನ್ ಮಾಡಕ್ಕಾಯ್ತದೆ. ಆದ್ರೆ ನಾನು ಕೇಳಿದ್ನಲ್ಲೋ. ಬಾಯ್ಬುಟ್ಟು ಕೇಳಿದ್ನಲ್ಲೋ ನಿನ್ನ."

ಆಕೆ ಮೊರದಲ್ಲಿನ ಮೆಣಸನ್ನು ಒಂದು ಬದಿಗೆ ಸರಿಸಿದರು.

"ವೀರಯ್ಯ ಕಾಲು ಮುಟ್ಟಿದ್ರೆ ನಾನು ಕಾಲ್ ಎಳ್ಕೊಂಡೆ. ನನ್ನಿಂದ ಆ ಕೆಲ್ಸ ಮಾಡಿಸ್ಬುಟ್ಯಲ್ಲೋ. ಅವ್ನ್ ಮಕ ಹೆಂಗ್ ನೋಡ್ಲಿ ಈಗ?"

ಆಕೆ ಬೈಯಲಿಲ್ಲ, ಅಳಲಿಲ್ಲ. ಮೊರವನ್ನು ಗೋಡೆಗೆ ಒರಗಿಸಿ, ಸೊಂಟ ಹಿಡಿದು ಎದ್ದು, ನಾದಿನಿಯ ಕೈ ಹಿಡಿದುಕೊಂಡು ವೀರಯ್ಯನ ಮನೆಯ ದಾರಿ ಹಿಡಿದರು. ಕೂತ್ಕೋ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಂಜುಂಡ ಖಾಲಿ ಜಗಲಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದ. ಡೈರಿಗೆ ಹಾಲು ತಂದವರು ಅವನನ್ನು ನೋಡಿದರು. ಅಂದು ಯಾರೂ ನಗಲಿಲ್ಲ.

ಹಬ್ಬ ಕಳೆದರೂ ವೀರಯ್ಯ ಕೆಲಸ ಬಿಡಲಿಲ್ಲ. ಒಂದು ದಿನ ಗ್ಯಾರೇಜಿಗೆ ಬಂದು, ಗೋಣಿಚೀಲದಲ್ಲಿ ಕಟ್ಟಿದ್ದ ಬ್ಯಾಟರಿಯನ್ನು ನಂಜುಂಡನ ಮುಂದೆ ಇಟ್ಟ. "ಚಾರ್ಜ್ ಮಾಡ್ಸಿವ್ನಿ. ನಿಮ್ಮೂರಲ್ಲೂ ಕರೆಂಟ್ ಹೋಯ್ತದಲ್ಲ" ಎಂದ. ನಂಜುಂಡ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಿರುಗಿ ಹೊರಟುಹೋಗಿದ್ದ. ಅದನ್ನು ಮನೆಗೆ ಒಯ್ದು ಮಂಚದ ಪಕ್ಕ ಇಟ್ಟಾಗ ಮಗಳು ಇದೇನೆಂದು ಕೇಳಿದಳು. ನಂಜುಂಡ ಅವಳೆದುರಿಗೇ ಮಾಸ್ಕು ಕಟ್ಟಿಕೊಂಡು ತೋರಿಸಿದ.

ಯುಗಾದಿಯ ನಂತರ ಡಾಕ್ಟರು ಒಪ್ಪಿ ಬರೆದುಕೊಟ್ಟರು. ಜಯಕುಮಾರ್ ಅವನಿಗೆ ಸಕಲೇಶಪುರದಿಂದ ಬೆಳಗೋಡಿನ ಕಡೆಗೆ ಹೋಗುವ ಹಗಲಿನ ಬಸ್ಸು ಕೊಟ್ಟರು. ನೈಟ್ ಹಾಲ್ಟ್ ಇಲ್ಲ, ರಾತ್ರಿ ಮನೆ. ಕಾಫಿ ಹೂ ಬಿಟ್ಟಿದ್ದ ಒಂದು ಬೆಳಗ್ಗೆ ಕಲ್ಯಾಣಮ್ಮ ಆ ಬಸ್ಸು ಹತ್ತಿದರು. ಅಣ್ಣನ ಮನೆಯಲ್ಲಿ ಏನೋ ಪೂಜೆಯಿರಬೇಕು, ಕೈಯಲ್ಲಿ ಹೂವಿನ ಪೊಟ್ಟಣವಿತ್ತು. ಡ್ರೈವರ್ ಯಾರೆಂದು ನೋಡಿದರು, ಇಳಿದು ಹೋಗಲಿಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತರು. ದಾರಿಯುದ್ದಕ್ಕೂ ನಂಜುಂಡನಿಗೆ ತನ್ನ ಬೆನ್ನಿನ ಮೇಲೆ ಆ ಕಣ್ಣು ಇದ್ದಂತೆ ಭಾಸವಾಯಿತು.

ಸೋಮಯ್ಯನವರ ತೋಟದ ಗೇಟಿನ ಹತ್ತಿರ ಸ್ಟಾಪ್ ಇರಲಿಲ್ಲ. ಅವನು ನಿಲ್ಲಿಸಿದ. ಆಕೆಗೆ ಇಳಿಯಲು ಸುಲಭವಾಗಲೆಂದು ಬಸ್ಸನ್ನು ದಿಬ್ಬದ ಪಕ್ಕಕ್ಕೆ ಒತ್ತಿದ. ಆಕೆ ಕಂಬಿ ಹಿಡಿದು, ಒಂದೊಂದೇ ಕಾಲಿಟ್ಟು ಇಳಿದರು. ಹೋಗಿಬಿಡುತ್ತಾರೆ ಎಂದುಕೊಂಡ. ಆದರೆ ಆಕೆ ಬಸ್ಸಿನ ಮುಂದಿನಿಂದ ಸುತ್ತಿ ಅವನ ಕಿಟಕಿಯ ಕೆಳಗೆ ಬಂದು ನಿಂತರು.

"ನಿದ್ದೆ ಬರ್ತದೇನೋ ಈಗ?"

"ಬರ್ತದೆ ಕಣವ್ವ."

ಇಲ್ಲ ಎನ್ನಬೇಕೆಂದು ಅವನಿಗೆ ಆಸೆಯಾಗಿತ್ತು. ಕಣ್ಣು ಮುಚ್ಚಿದರೆ ಆ ಬೆಳಗು ಬರುತ್ತದೆ, ಮಲಗಲಾಗುವುದಿಲ್ಲ ಎನ್ನಬೇಕೆಂದು. ಆದರೆ ನಿದ್ದೆ ನಿಜವಾಗಿಯೂ ಬರುತ್ತಿತ್ತು, ಒಳ್ಳೆಯ ನಿದ್ದೆ, ಬೆಳಗಿನ ತನಕ. ಸ್ಟೇರಿಂಗ್ ಮೇಲಿನ ಕೈಗಳನ್ನೇ ನೋಡುತ್ತ ಕುಳಿತ.

ಕಲ್ಯಾಣಮ್ಮ ತಲೆಯಾಡಿಸಿದರು. ಗೇಟು ದೂಡಿಕೊಂಡು ಒಳಗೆ ನಡೆದರು. ಹಿಂದಿನ ಸೀಟಿನಿಂದ ಯಾರೋ "ಹೋಗಣ್ಣ, ಲೇಟಾಯ್ತು" ಎಂದರು. ಆಕೆ ಮರಗಳ ನಡುವೆ ಕಾಣದಾಗುವ ತನಕ ಕಾದು, ನಂಜುಂಡ ಗೇರು ಹಾಕಿದ.